ಮನೆ ಬಿಟ್ಟುಹೋದ ಅಕ್ಕನ ಹಾಡು: ಎರಡನೇ ಚರಣದ ಬಗ್ಗೆ

ಅಪ್ಪ-ಅಮ್ಮನ ಜಗಳದ ಮನೆ ಬಿಟ್ಟುಹೋದ ಅಕ್ಕನ ಮೇಲೆ ಹಾಡು ಬರೀತಿದ್ದೀರಿ, ಎರಡನೇ ಚರಣ ಬರೀ ದೂರಿನ ಪಟ್ಟಿ ಆಗ್ತಿದೆ ಅಂದಿದ್ದೀರಿ. ಹಾಗಾಗೋಕೆ ಕಾರಣ, ನೀವು ಅಲ್ಲಿ ಇಡೀ ಮನೆಯ ಕಥೆ ಹೇಳೋಕೆ ಹೊರಟಿರೋದು. ನೋವು, ಒಂಟಿತನ, ಕಹಿ ಅನ್ನೋ ಪದಗಳನ್ನೆಲ್ಲ ಹೊಡೆದುಹಾಕಿ, ಉಳಿದಿದ್ದನ್ನು ಓದಿ. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು ಏನೂ ಉಳಿಯದಿದ್ದರೆ ಆ ಚರಣ ಇನ್ನೂ ಬರೆದಾಗಿಲ್ಲ ಅಂತಲೇ ಲೆಕ್ಕ.

ಒಂದೇ ರಾತ್ರಿ ಹಿಡಿಯಿರಿ, ಅಕ್ಕನ ಜೊತೆಗೇ ಮಾತಾಡಿ:

ಬಾಗಿಲು ಹಾಕುವ ಸದ್ದಿಗೆ ಎದ್ದೆನು
ಅಕ್ಕಾ, ಹಾಸಿಗೆ ಮಡಚಿಯೆ ಇತ್ತು

ಇಲ್ಲಿರೋದು ನಾಲ್ಕು ಮಾತ್ರೆಯ ಗಣಗಳು (ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳೋವಷ್ಟು ಕಾಲ, ಗಣ ಅಂದರೆ ಮಾತ್ರೆಗಳ ಗುಂಪು), ಎರಡನೇ ಸಾಲಿನ ಕೊನೆಯ ಗಣಕ್ಕೆ ಮಾತ್ರ ಮೂರೇ ಮಾತ್ರೆ. ಹಾಡುವಾಗ ಆ ಒಂದು ಮಾತ್ರೆಯ ಜಾಗದಲ್ಲಿ ಉಸಿರು ನಿಲ್ಲುತ್ತೆ, ಅದನ್ನು ತುಂಬಿಸೋಕೆ ಹೋಗಬೇಡಿ. ಪ್ರಾಸಕ್ಕಾಗಿ ಪದ ತುರುಕಿದರಂತೂ ದುಃಖ ನಾಟಕೀಯ ಆಗಿಬಿಡುತ್ತೆ.

ಪಲ್ಲವಿಯಲ್ಲಿ 'ವಾಪಸ್ ಬಾ' ಅಂತ ಕರೆಯೋದು ನನಗೆ ಸರಿ ಕಾಣಲ್ಲ. ಅವಳು ಹೋಗಿದ್ದಕ್ಕೆ ಕಾರಣ ಇತ್ತು. ಮನೆ ಬದಲಾಗದೆ ಕರೆದರೆ ಹಾಡೂ ಅವಳ ಮೇಲೆ ಒತ್ತಡ ಹಾಕಿದ ಹಾಗೆ. ಕರೆಯೋ ಬದಲು ಏನಾದರೂ ಕೇಳಿ: 'ಈಗ ನಿದ್ದೆ ಬರುತ್ತಾ?' ಮೊದಲ ಚರಣದ ನಂತರ ಅದು ಬರೀ ಕಾಳಜಿ, ಎರಡನೆಯದರ ನಂತರ ಅದೇ ಸಾಲು ಹಾಡ್ತಿರೋ ತಂಗಿಯ ನಿದ್ದೆಗೆಟ್ಟ ರಾತ್ರಿಗಳನ್ನೂ ಹೇಳುತ್ತೆ.

ಇನ್ನೊಂದು, ಹಾಡು ಹೊರಗೆ ಬಿಡೋ ಮುಂಚೆ ಅವಳ ಊರು, ಕೆಲಸ, ಗುರುತು ಸಿಗೋ ವಿವರಗಳನ್ನು ತೆಗೆದುಬಿಡಿ. ಅವಳು ಅಡಗಿಸಿಟ್ಟಿದ್ದನ್ನು ಮನೆಯವರು ನಿಮ್ಮ ಸಾಲುಗಳಿಂದ ಕಂಡುಹಿಡಿಯೋ ಹಾಗಾಗಬಾರದು.