ಏರುವಾಗ ಎಂಜಿನ್ ಬಿಸಿ ಏರಿದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೆಸ್ನಾ 172ಎಸ್‌ನಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಏಪ್ರಿಲ್ ಮಧ್ಯಾಹ್ನ ಜಕ್ಕೂರಿನಿಂದ ಏರುವಾಗ ಸಿಲಿಂಡರ್ ಹೆಡ್ (ಸಿಲಿಂಡರಿನ ತುದಿ ಮುಚ್ಚುವ ಭಾಗ) ಬಿಸಿ 420 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಮಿತಿ 500 ಇದೆ, ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾರೆ ಜೊತೆಯವರು. ಥ್ರಾಟಲ್ ಸ್ವಲ್ಪ ಹಿಂದಕ್ಕೆ ಎಳೆದರೆ ಸಾಲದೇ?
— ತರಬೇತಿ ಪೈಲಟ್, ಬೆಂಗಳೂರು

ಉತ್ತರ: 500 ಎನ್ನುವುದು ಎಂದೂ ದಾಟಬಾರದ ಗೆರೆ. ಅದರ ಕೆಳಗೆ ಎಲ್ಲಿದ್ದರೂ ಸರಿ ಎಂದಲ್ಲ. ಎಂಜಿನ್ ಬಹುಕಾಲ ಬಾಳಬೇಕಾದರೆ ಹೆಚ್ಚಿನ ಶಕ್ತಿಯ ಸಮತಲ ಹಾರಾಟದಲ್ಲಿ 435ರ ಒಳಗೆ, ಮಿತವ್ಯಯದ ಹಾರಾಟದಲ್ಲಿ 400ರ ಒಳಗೆ ಇಡಿ ಎಂದು ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯೇ ಹೇಳುತ್ತದೆ. ಬಿಸಿ ಏರಿದಷ್ಟೂ ಹೆಡ್‌ನ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ, ಎಕ್ಸಾಸ್ಟ್ ವಾಲ್ವ್‌ನ ಗೈಡ್ ಬೇಗ ಸವೆಯುತ್ತದೆ. ಏರುವಾಗ 400 ಕಂಡರೆ ಕೈ ಆಡಿಸಲು ಶುರು ಮಾಡಿ. 435 ಕಂಡರೆ ಏರುವುದನ್ನೇ ನಿಲ್ಲಿಸಿ, ಸಮತಲಕ್ಕೆ ಬನ್ನಿ.

ಮೊದಲ ಮದ್ದು ಮೂತಿ ತಗ್ಗಿಸುವುದು, ಥ್ರಾಟಲ್ ಅಲ್ಲ. ಮೂತಿ ತಗ್ಗಿದರೆ ವೇಗ ಏರುತ್ತದೆ, ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ವಿಮಾನ ಅತಿ ಬೇಗ ಎತ್ತರ ಗಳಿಸುವ ವೇಗ ಸಮುದ್ರಮಟ್ಟದಲ್ಲಿ 74 ನಾಟ್. ಅದನ್ನು 85ಕ್ಕೆ ಒಯ್ದರೆ ವೇಗ ಹೆಚ್ಚಿದ್ದು ಶೇ 15, ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಬಾಯಿಗೆ ಬಡಿಯುವ ಒತ್ತಡ ಹೆಚ್ಚಿದ್ದು ಶೇ 32. ಅಡೆತಡೆ ದಾಟಲು ಹಿಡಿಯುವ 62 ನಾಟ್‌ಗೆ ಹೋಲಿಸಿದರೆ ಅದು ಸುಮಾರು ಒಂದೂ ಮುಕ್ಕಾಲು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಮರ, ಕಟ್ಟಡ ದಾಟಿದ ಮೇಲೂ 62ರಲ್ಲೇ ನೇತಾಡಬೇಡಿ. ಎತ್ತರ ಗಳಿಸುವುದು ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ಮುಂದೆ ಯಾರಾದರೂ ಬರುತ್ತಿದ್ದರೆ ಮೂತಿಯ ಮೇಲಿಂದ ಕಾಣುತ್ತದೆ ಎನ್ನುವುದು ಬೋನಸ್. ದಪ್ಪ ಲೋಹ ತಣಿಯಲು ಹೊತ್ತು ಬೇಕು. ಮೂತಿ ತಗ್ಗಿಸಿದ ಕೂಡಲೇ ಅಂಕಿ ಇಳಿಯಲಿಲ್ಲವೆಂದು ಗಾಬರಿಯಾಗದೆ ಒಂದು ನಿಮಿಷ ಕಾಯಿರಿ.

ಎರಡನೆಯದು ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲಿನ ಮಿಶ್ರಣ: ಪೆಟ್ರೋಲು ಹೆಚ್ಚಿದ್ದರೆ ರಿಚ್, ಕಡಿಮೆಯಿದ್ದರೆ ಲೀನ್. ಬೆಂಗಳೂರಿನವರಿಗೆ ಇಲ್ಲೊಂದು ತೊಡಕಿದೆ. 3,000 ಅಡಿಗಿಂತ ಎತ್ತರದ ನಿಲ್ದಾಣದಲ್ಲಿ ಹಾರುವ ಮೊದಲು ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟು, ಗರಿಷ್ಠ ಆರ್‌ಪಿಎಂ ಬರುವವರೆಗೆ ಲೀನ್ ಮಾಡಿ ಎಂದು ಸೆಸ್ನಾ ಕೈಪಿಡಿ ಹೇಳುತ್ತದೆ. ಜಕ್ಕೂರು ಇರುವುದು ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ. 3,000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್. ಹೊರಗೆ 34 ಇದ್ದರೆ 25 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ ಇನ್ನೂ 3,000 ಅಡಿ ಸೇರಿಸಿ. ಎಂಜಿನ್ನಿಗೂ ರೆಕ್ಕೆಗೂ ಅದು 6,000 ಅಡಿಯ ಗಾಳಿ. ಲೀನ್ ಮಾಡದೆ ವಿಧಿಯಿಲ್ಲ. ಆದರೆ ಆರ್‌ಪಿಎಂ ತುದಿ ಮುಟ್ಟಿದ ಮೇಲೂ ಎಳೆಯುತ್ತ ಹೋದರೆ ಹೆಡ್ ಅತಿ ಬಿಸಿಯಾಗುವ ಪಟ್ಟಿಗೇ ಇಳಿಯುತ್ತೀರಿ. ಎಕ್ಸಾಸ್ಟ್ ಹೊಗೆಯ ಬಿಸಿ ಅತಿ ಹೆಚ್ಚಾಗುವ ಬಿಂದುವಿನಿಂದ ರಿಚ್ ಕಡೆಗೆ ಸುಮಾರು 25ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ದೂರದ ಜಾಗ ಅದು. ಹಾಗಾಗಿ ತುದಿ ಸಿಕ್ಕಿದ ಮೇಲೆ ನಾಬ್ ಅನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ. ಏರುವಾಗ ಬಿಸಿ ಹೆಚ್ಚಿದರೂ ಅದೇ ಕೆಲಸ.

ಹೆಚ್ಚುವರಿ ಪೆಟ್ರೋಲು ಆವಿಯಾಗಿ ತಂಪು ಮಾಡುತ್ತದೆ ಎನ್ನುವುದು ಅರ್ಧ ಸತ್ಯ. ಮುಖ್ಯ ಸಂಗತಿ ಬೇರೆ: ರಿಚ್ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಒತ್ತಡದ ಶಿಖರ ತಡವಾಗಿ, ಪಿಸ್ಟನ್ ಕೆಳಗಿಳಿಯತೊಡಗಿದ ಮೇಲೆ, ತಗ್ಗಾಗಿ ಬರುತ್ತದೆ. ಹೆಡ್‌ಗೆ ತಗಲುವ ಶಾಖವೂ ಅಷ್ಟೇ ಕಡಿಮೆ.

ಥ್ರಾಟಲ್ ಕೊನೆಯಲ್ಲಿ. ಕಾರ್ಬ್ಯುರೇಟರ್ ಇರುವ ಹಲವು ಎಂಜಿನ್‌ಗಳಲ್ಲಂತೂ ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ಹೆಚ್ಚುವರಿ ಇಂಧನದ ದಾರಿ ತೆರೆದುಕೊಳ್ಳುತ್ತದೆ. ಬಿಸಿ ಇಳಿಸಲೆಂದು ಒಂದು ಬೆರಳಷ್ಟು ಎಳೆದವರು ಆ ದಾರಿಯನ್ನೇ ಮುಚ್ಚಿ, ಬಿಸಿ ಏರುವುದನ್ನು ನೋಡಿ ಬೆಪ್ಪಾಗುತ್ತಾರೆ. ನಿಮ್ಮದು ಇಂಧನ ಇಂಜೆಕ್ಷನ್ ಇರುವ ಐಓ-360, ಅಲ್ಲಿ ಆ ಕಾಟವಿಲ್ಲ. ಆದರೂ ಮೂತಿ, ಮಿಕ್ಸ್ಚರ್, ಸಮತಲ, ಆಮೇಲೆ ಥ್ರಾಟಲ್ ಎಂಬ ಕ್ರಮ ಬದಲಿಸಬೇಡಿ. ಒಂದು ಅಪವಾದವಿದೆ. ಅಂಕಿ ಸೆಕೆಂಡಿಗೊಂದು ಡಿಗ್ರಿಯಂತೆ ಓಡುತ್ತಿದ್ದರೆ ಅದು ತಂಪಾಗಿಸುವ ಪ್ರಶ್ನೆಯೇ ಅಲ್ಲ, ಡಿಟೊನೇಷನ್ (ಮಿಶ್ರಣ ಸ್ಫೋಟದಂತೆ ಒಮ್ಮೆಲೇ ಉರಿಯುವುದು) ಅಥವಾ ಅಕಾಲ ಉರಿ (ಕಿಡಿಗೆ ಮೊದಲೇ ಹೊತ್ತಿಕೊಳ್ಳುವುದು). ಸುರಕ್ಷಿತ ಎತ್ತರ ಸಿಕ್ಕ ಕೂಡಲೇ ಥ್ರಾಟಲ್ ಎಳೆದು, ಮಿಕ್ಸ್ಚರ್ ಪೂರ್ತಿ ರಿಚ್ ಮಾಡಿ, ಇಳಿಯಿರಿ.

ಪ್ರಶ್ನೆ: ನಮ್ಮ 172ಪಿಗೆ (ಓ-320 ಎಂಜಿನ್) ನಾಲ್ಕೂ ಸಿಲಿಂಡರ್ ತೋರಿಸುವ ಮಾನಿಟರ್ ಹಾಕಿದ ಮೇಲೆ ಗೊತ್ತಾಯಿತು: ಏರುವಾಗ 3ನೇ ಸಿಲಿಂಡರ್ ಉಳಿದವಕ್ಕಿಂತ 40 ಡಿಗ್ರಿ ಹೆಚ್ಚು. ಸ್ಪಾರ್ಕ್ ಪ್ಲಗ್ ಬದಲಿಸಿದರೂ ಅದೇ ಕತೆ.
— ವಿಮಾನ ನಿರ್ವಹಣೆ ವಿದ್ಯಾರ್ಥಿ

ಉತ್ತರ: ಎಂಜಿನ್‌ಗಿಂತ ಮೊದಲು ಮಾನಿಟರ್ ಮೇಲೆ ಅನುಮಾನವಿರಲಿ. 3ರ ಪ್ರೋಬ್ (ಬಿಸಿ ಅಳೆಯುವ ಸಂವೇದಕ) 1ಕ್ಕೆ, 1ರದು 3ಕ್ಕೆ ಹಾಕಿ ಹಾರಿಸಿ. ಹೆಚ್ಚಿನ ಅಂಕಿ ಪ್ರೋಬ್ ಜೊತೆಗೇ ಹೋದರೆ ದೋಷ ಪ್ರೋಬ್‌ದು. ಪ್ಲಗ್ ಅಡಿಗೆ ವಾಷರ್‌ನಂತೆ ಕೂರುವ ಪ್ರೋಬ್ ಮತ್ತು ಹೆಡ್‌ನ ಕುಳಿಯೊಳಗೆ ಕೂರುವ ಪ್ರೋಬ್ ಒಂದೇ ಅಂಕಿ ತೋರಿಸುವುದಿಲ್ಲ. ಒಂದು ಸಿಲಿಂಡರ್‌ಗೆ ಬೇರೆ ಜಾತಿಯದು ಹಾಕಿದ್ದರೆ ವ್ಯತ್ಯಾಸ ಅಲ್ಲೇ ಇರಬಹುದು.

ಅಂಕಿ 3ರಲ್ಲೇ ಉಳಿದರೆ ಬ್ಯಾಫಲ್ (ಗಾಳಿಯನ್ನು ಸಿಲಿಂಡರ್‌ಗಳತ್ತ ತಿರುಗಿಸುವ ತಗಡು) ನೋಡಿ. 85 ನಾಟ್‌ನಲ್ಲಿ ಎದುರುಗಾಳಿಯ ಒತ್ತಡ ನೀರಿನ ಲೆಕ್ಕದಲ್ಲಿ ಬರೀ 12 ಸೆಂಟಿಮೀಟರ್ ಸುಮಾರು. ಎಂಜಿನ್ ಮೇಲಿನ ಕೋಣೆಯಲ್ಲಿ ತುಂಬಿದ ಗಾಳಿಯನ್ನು ಫಿನ್‌ಗಳ (ಸಿಲಿಂಡರ್ ಮೈಮೇಲಿನ ತೆಳು ಲೋಹದ ಎಲೆಗಳ) ನಡುವೆ ತೂರಿಸಿ ಕೆಳಕ್ಕೆ ಇಳಿಸಲು ಇರುವ ಬಂಡವಾಳ ಅಷ್ಟೇ. ತೂಬು ಒಡೆದ ಕಾಲುವೆಯಲ್ಲಿ ಕೊನೆಯ ಗದ್ದೆ ಒಣಗುವಂತೆ, ಬೆರಳು ತೂರುವ ಒಂದು ಸಂದು ಹಿಂದಿನ ಸಿಲಿಂಡರನ್ನು ಬೇಯಿಸುತ್ತದೆ. ಲೈಕಮಿಂಗ್‌ನಲ್ಲಿ 3 ಇರುವುದೂ ಬಲಗಡೆ ಹಿಂದೆ.

ಮೇಲಿನ ಕೌಲಿಂಗ್ ಬಿಚ್ಚಿ ಒಳಮೈ ನೋಡಿ. ರಬ್ಬರ್ ಸೀಲ್ ಉಜ್ಜಿದ ಕಪ್ಪು ಗೆರೆ ಎಲ್ಲೂ ಕಡಿಯದೆ ಬಂದಿರಬೇಕು. ಕಡಿದ ಜಾಗವೇ ಸೋರುವ ಜಾಗ. ಸೀಲ್‌ನ ತುದಿ ಗಾಳಿ ತುಂಬುವ ಮೇಲಿನ ಕೋಣೆಯ ಕಡೆಗೆ ಬಾಗಿರಬೇಕು, ಆಗ ಗಾಳಿಯೇ ಅದನ್ನು ಕೌಲಿಂಗ್‌ಗೆ ಒತ್ತಿ ಹಿಡಿಯುತ್ತದೆ. ಕೌಲಿಂಗ್ ಮುಚ್ಚುವ ಅವಸರದಲ್ಲಿ ಹಿಂದಕ್ಕೆ ಮಡಚಿಕೊಂಡ ಸೀಲ್ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಕತ್ತಲಲ್ಲಿ ಒಬ್ಬರು ಕೆಳಗಿನಿಂದ ಲೈಟ್ ಹಿಡಿದು, ಇನ್ನೊಬ್ಬರು ಮೇಲಿನಿಂದ ನೋಡಿ. ಫಿನ್‌ಗಳ ನಡುವೆ ಬಿಟ್ಟು ಬೇರೆಲ್ಲಿ ಬೆಳಕು ಕಂಡರೂ ಅದು ಕಳ್ಳದಾರಿ. ಸಣ್ಣ ಬಿರುಕನ್ನು ಶಾಖ ತಡೆಯುವ ಆರ್‌ಟಿವಿ ಸಿಲಿಕೋನ್‌ನಿಂದ ಮುಚ್ಚಬಹುದು.

ಎಲ್ಲರೂ ಮರೆಯುವುದು ಸಿಲಿಂಡರ್‌ಗಳ ನಡುವೆ, ಕೆಳಗಡೆ ಇರುವ ಪುಟ್ಟ ತಗಡು. ಗಾಳಿಯನ್ನು ಸಿಲಿಂಡರ್‌ಗೆ ಅಪ್ಪಿಸಿ ಕೆಳಬದಿಯವರೆಗೆ ಸುತ್ತಿಸುವುದು ಅದೇ. ಸಿಲಿಂಡರ್ ಬಿಚ್ಚಿ ಕೂರಿಸುವಾಗ ಅದರ ಹಿಡಿಕೆ ಸಡಿಲವಾಗಿ ಉಳಿದಿರುವುದು, ತಗಡೇ ಇಲ್ಲದಿರುವುದು ಅಪರೂಪವಲ್ಲ. ಇದಕ್ಕೆ ವಿರುದ್ಧವಾದ ದೋಷವೂ 3ರಲ್ಲೇ ಉಂಟು: ಅದರ ಹಿಂಬದಿಯಲ್ಲಿ ಫಿನ್‌ಗಳ ಆಳ ಕಡಿಮೆ. ಹಿಂದಿನ ತಗಡು ತೀರಾ ಅಂಟಿ ಕೂತರೆ ಗಾಳಿ ಇಳಿಯಲು ಜಾಗವೇ ಇರುವುದಿಲ್ಲ. ಸ್ವಂತ ಕಟ್ಟಿದ ವಿಮಾನದವರು ನಡುವೆ ವಾಷರ್ ಇಟ್ಟು ಸಂದು ಮಾಡುತ್ತಾರೆ. ನಿಮ್ಮದು ಪ್ರಮಾಣೀಕೃತ ವಿಮಾನ, ಅನುಮೋದನೆ ಇಲ್ಲದೆ ಹಾಗೆ ಮಾಡುವಂತಿಲ್ಲ. ಬಿಡಿಭಾಗಗಳ ಪುಸ್ತಕದ ಚಿತ್ರದಂತೆ ಕೂತಿದೆಯೇ ಎಂದಷ್ಟೇ ನೋಡಿ.

ಇಂಟೇಕ್ ಕೊಳವೆಯ ಗ್ಯಾಸ್ಕೆಟ್, ಹೋಸ್ ಕ್ಲ್ಯಾಂಪ್, ಪ್ರೈಮರ್ ಸಂಧಿಗಳ ಬಳಿ ನೀಲಿ ಕಲೆ ಇದೆಯೇ? 100ಎಲ್‌ಎಲ್ ಪೆಟ್ರೋಲಿನ ಬಣ್ಣ ಅದು, ಸೋರಿಕೆಯ ಗುರುತು. ಆದರೆ ಈ ಸೋರಿಕೆಯ ಪರಿಣಾಮ ಐಡಲ್‌ನಲ್ಲಿ ಹೆಚ್ಚು, ಪೂರ್ತಿ ಥ್ರಾಟಲ್‌ನಲ್ಲಿ ಕಡಿಮೆ, ಏಕೆಂದರೆ ಆಗ ಒಳಗಿನ ನಿರ್ವಾತವೇ ಕಡಿಮೆ. ಏರುವಾಗ ಮಾತ್ರ ಕಾಣುವ ಬಿಸಿಗೆ ಇದನ್ನು ಮೊದಲ ಆರೋಪಿ ಮಾಡಲಾರೆವು. ಇಂಜೆಕ್ಷನ್ ಎಂಜಿನ್ನಾಗಿದ್ದರೆ ಅರ್ಧ ಕಟ್ಟಿದ ನಾಝಲ್ ಅನ್ನು ಹೆಸರಿಸುತ್ತಿದ್ದೆವು. ಅದನ್ನು ಆಸಿಟೋನ್‌ನಲ್ಲಿ ನೆನೆಸಿ, ಗಾಳಿ ಊದಬೇಕು. ತಂತಿ ತೂರಿಸಿದರೆ ರಂಧ್ರದ ಅಳತೆಯೇ ಕೆಡುತ್ತದೆ. ಮ್ಯಾಗ್ನೆಟೋ ಟೈಮಿಂಗ್ ಮುಂದೆ ಹೋಗಿದ್ದರೆ ನಾಲ್ಕೂ ಬಿಸಿಯಾಗುತ್ತವೆ, ಒಂದೇ ಅಲ್ಲ. ಹೇಗೂ ಕೌಲಿಂಗ್ ಬಿಚ್ಚಿದ್ದೀರಿ, ಡೇಟಾ ಪ್ಲೇಟ್ ಹೇಳುವ 25 ಡಿಗ್ರಿ (ಪಿಸ್ಟನ್ ತುದಿ ಮುಟ್ಟುವ ಮುನ್ನ ಕಿಡಿ ಹಾರುವ ಕೋನ, ಬಿಸಿಯಲ್ಲ) ಇದೆಯೇ ನೋಡಿಬಿಡಿ.

ಪ್ರಶ್ನೆ: ಹೊಸ ಸಿಲಿಂಡರ್ ಹಾಕಿಸಿದ್ದೇವೆ. ಬಿಸಿಯಾಗುತ್ತಿದೆ. ಕೆಲವು ಗಂಟೆ ಕಡಿಮೆ ಶಕ್ತಿಯಲ್ಲಿ ಮೆಲ್ಲಗೆ ಹಾರಿಸಲೇ?

ಉತ್ತರ: ಬೇಡ. ಮೆಲ್ಲಗೆ ಹಾರಿಸಿದರೆ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಒತ್ತಿ ಕೂರುವುದಿಲ್ಲ, ಆಯಿಲ್ ಗೋಡೆಯ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ, ಕೊನೆಗೆ ಮತ್ತೆ ಬಿಚ್ಚಿ ಹೋನ್ ಮಾಡಿಸಬೇಕಾಗುತ್ತದೆ (ಗೋಡೆ ಉಜ್ಜಿಸಬೇಕಾಗುತ್ತದೆ). ಎಂಜಿನ್ ತಯಾರಕರ ಸೂಚನೆಯಂತೆ ಮಿನರಲ್ ಆಯಿಲ್ ಹಾಕಿ. ಪೂರ್ತಿ ರಿಚ್, ಹೆಚ್ಚು ವೇಗದ ತಗ್ಗಿನ ಏರಿಕೆ, ಮೇಲೆ ಶೇ 65ರಿಂದ 75 ಶಕ್ತಿ. ನೆಲದ ಮೇಲೆ ಉದ್ದನೆಯ ರನ್‌ಅಪ್ ಬೇಡ. ಆಯಿಲ್ ಖರ್ಚು ಒಂದು ಮಟ್ಟಕ್ಕೆ ನಿಂತಾಗ ರಿಂಗ್ ಕೂತವು ಎಂದರ್ಥ.

ಪ್ರಶ್ನೆ: ಹೆಡ್ ಬಿಸಿ ಸರಿಯಾಗಿಯೇ ಇದೆ, ಆಯಿಲ್ ಮಾತ್ರ ಕೆಂಪು ಗೆರೆಯತ್ತ ಹೋಗುತ್ತದೆ. ಏಕೆ?

ಉತ್ತರ: ಡಿಪ್‌ಸ್ಟಿಕ್ ನೋಡಿ: 172ಎಸ್‌ನಲ್ಲಿ ಸಂಪ್ (ಆಯಿಲ್ ತೊಟ್ಟಿ) ಹಿಡಿಯುವುದು 8 ಕ್ವಾರ್ಟ್ (ಒಂದು ಕ್ವಾರ್ಟ್ ಲೀಟರಿಗಿಂತ ತುಸು ಕಡಿಮೆ), 5ಕ್ಕಿಂತ ಕಡಿಮೆ ಇದ್ದರೆ ಹಾರುವಂತಿಲ್ಲ. ಮಟ್ಟ ಸರಿಯಿದ್ದರೆ ವರ್ನಾಥರ್ಮ್ (ಬಿಸಿಗೆ ತಕ್ಕಂತೆ ಆಯಿಲ್‌ನ ದಾರಿ ಬದಲಿಸುವ ಕವಾಟ) ಬಿಚ್ಚಿ ಬಿಸಿನೀರಿನಲ್ಲಿ ಥರ್ಮಾಮೀಟರ್ ಜೊತೆ ಇಳಿಸಿ. ಸುಮಾರು 85 ಡಿಗ್ರಿ ಸೆಲ್ಸಿಯಸ್‌ಗೆ ಅದು ಉದ್ದವಾಗಿ, ಆಯಿಲ್ ಅನ್ನು ಕೂಲರ್‌ಗೆ ತಿರುಗಿಸಬೇಕು. ಅದೂ ಸರಿಯಿದ್ದರೆ ಕೂಲರ್‌ನ ಫಿನ್ ನೋಡಿ. ಕೆಲವು ವಾರ ನಿಂತ ವಿಮಾನದಲ್ಲಿ ಕಣಜ ಅಲ್ಲಿ ಮಣ್ಣಿನ ಗೂಡು ಮೆತ್ತಿರುತ್ತದೆ. ಸಿಲಿಂಡರ್ ಹಿಂದೆ ಗೊರವಂಕ ಹುಲ್ಲು ತುರುಕಿದ್ದರೆ ಅದು ಗಾಳಿ ತಡೆಯುವುದಷ್ಟೇ ಅಲ್ಲ, ಎಕ್ಸಾಸ್ಟ್ ಕೊಳವೆ ತಾಗಿ ಹೊತ್ತಿಕೊಳ್ಳಲೂಬಹುದು. ವಿಮಾನ ನಿಲ್ಲಿಸಿ ಎಂಜಿನ್ ಆರಿದ ಮೇಲೆ ಕೌಲಿಂಗ್ ಬಾಯಿಗೆ ಕೆಂಪು ಪಟ್ಟಿಯ ಪ್ಲಗ್ ಹಾಕಿ. ಪಟ್ಟಿ ಕಾಕ್‌ಪಿಟ್‌ನಿಂದ ಕಾಣುವಷ್ಟು ಉದ್ದವಿರಲಿ.