ಬ್ಲೌಸಿಗೆ ರೇಟು ಇದೆ, ಕಿರೀಟಕ್ಕೆ ಇಲ್ಲ

ನಾನು ಆಪ್ತ ಸಮಾಲೋಚಕಿ. ಇದು ನನ್ನ ಹತ್ತಿರ ಬಂದ ಒಬ್ಬ ಹೆಂಗಸಿನ ವಿಷಯ, ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಜಯಮ್ಮ ಅಂತ ಇಟ್ಟುಕೊಳ್ಳೋಣ. ವಯಸ್ಸು 52. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ತುಮಕೂರಿಗೆ. 25 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಯಜಮಾನರು ಕಾರ್ಖಾನೆ ಕೆಲಸದಿಂದ ನಿವೃತ್ತರಾಗಿದ್ದಾರೆ. ಒಬ್ಬನೇ ಮಗ, ಬೆಂಗಳೂರಲ್ಲಿ ಕೆಲಸ.

ಅವರು ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಥೈರಾಯ್ಡ್, ಶುಗರ್, ಬಿಪಿ ಎಲ್ಲ ನೋಡಿಸಿದ್ದರು, ಏನೂ ತೊಂದರೆ ಇರಲಿಲ್ಲ. ಊಟ ಸರಿಯಾಗಿತ್ತು, ಜನರ ಜೊತೆ ಮಾತುಕತೆ ಇತ್ತು. ಖಿನ್ನತೆಯ ಲಕ್ಷಣ ನನಗೆ ಕಾಣಲಿಲ್ಲ. ಸುಮ್ನೆ ಕೇಳಿದೆ: "ರಾತ್ರಿ ಎಚ್ಚರ ಆದ್ರೆ ಏನು ಮಾಡ್ತೀರಿ?"

"ಕಿರೀಟ ಮಾಡ್ತೀನಿ ಮೇಡಂ."

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡು ಇನ್ನೊಂದು ಸಲ ಕೇಳಿದೆ. ಕಿರೀಟವೇ. ರಾತ್ರಿ ಎರಡು ಗಂಟೆಗೆ, ಅಡುಗೆಮನೆ ಬಾಗಿಲು ಮುಂದಕ್ಕೆ ಹಾಕಿಕೊಂಡು, ಗ್ಯಾಸ್ ಕಟ್ಟೆಯ ಮೇಲೆ ರಟ್ಟು ಕತ್ತರಿಸಿ, ಮೈದಾ ಅಂಟು ಕಾಯಿಸಿ, ಬೇಗಡೆ ಅಂಟಿಸಿ ಕಿರೀಟ ಮಾಡುತ್ತಿದ್ದರು. ಬೆಳಗಾಗುವ ಮುಂಚೆ ಎಲ್ಲವನ್ನೂ ಅಕ್ಕಿ ಡಬ್ಬದ ಹಿಂದೆ ಸೇರಿಸಿಬಿಡುತ್ತಿದ್ದರು.

ಅವರ ತಂದೆ ನಾಟಕದ ಡ್ರೆಸ್ ಬಾಡಿಗೆಗೆ ಕೊಡುತ್ತಿದ್ದವರು. ಆ ಸೀಮೆಗೆ ಇದು ಹೊಸದಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಅದರ ಹೆಸರನ್ನು ನಾಡೆಲ್ಲ ತಿರುಗಿಸಿದರು. ಕಂಪನಿಗಳ ಕಾಲ ಮುಗಿದರೂ ಹಳ್ಳಿ ನಾಟಕ ನಿಂತಿಲ್ಲ. ಇವತ್ತಿಗೂ ಸುಗ್ಗಿ ಮುಗಿದ ಮೇಲೆ, ಜಾತ್ರೆ ಸಮಯಕ್ಕೆ, ಊರಿನವರೇ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು ತಿಂಗಳುಗಟ್ಟಲೆ ಕಲಿತು ಕುರುಕ್ಷೇತ್ರ ಆಡುತ್ತಾರೆ. ಪರದೆ, ಲೈಟು, ಕಿರೀಟ, ಗದೆ ಎಲ್ಲ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತದೆ.

ಜಯಮ್ಮ ಚಿಕ್ಕ ಹುಡುಗಿಯಾಗಿದ್ದಾಗಲೇ ಅಪ್ಪನ ಪಕ್ಕ ಕೂತು ಕಲಿತರು. ಹಳೇ ಪೇಪರ್ ಪದರ ಪದರವಾಗಿ ಅಂಟಿಸುವುದು, ಒಣಗಿದ ಮೇಲೆ ಆಕಾರ ತೆಗೆಯುವುದು, ಹುಳ ಹಿಡಿಯದ ಹಾಗೆ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು, ಪೆಟ್ರೋಮ್ಯಾಕ್ಸ್ ಬೆಳಕಿಗೆ ಹೊಳೆಯುವ ಹಾಗೆ ಕನ್ನಡಿ ಚೂರನ್ನು ಸ್ವಲ್ಪ ಓರೆಯಾಗಿ ಕೂರಿಸುವುದು. ಇದನ್ನೆಲ್ಲ ಹೇಳುವಾಗ ಅವರ ಕೈ ಗಾಳಿಯಲ್ಲೇ ಕೆಲಸ ಮಾಡುತ್ತಿತ್ತು. ಗಡಿಯಾರ ನೋಡುವುದು ನಮ್ಮ ಕೆಲಸದ ಒಂದು ಶಿಸ್ತು. ಅವತ್ತು ನಾನು ಮರೆತೆ.

"ದುರ್ಯೋಧನನ ಕಿರೀಟ ನಾನೇ ಮಾಡಿದ್ದು. ಆದ್ರೆ ನಾಟಕ ನೋಡೋಕೆ ಹೋಗಲಿಲ್ಲ. ಹೆಣ್ಮಗು ಅಲ್ಲಿಗೆಲ್ಲ ಬರಬಾರದು ಅಂದ್ರು ಅಪ್ಪ."

19ಕ್ಕೆ ಮದುವೆ. ಅತ್ತೆ ಮನೆಯಲ್ಲಿ 'ಡ್ರಾಮಾದವರ ಮನೆ ಹುಡುಗಿ' ಅನ್ನುವ ಮಾತು ಏಳೆಂಟು ವರ್ಷ ನಡೆಯಿತು. ಒಮ್ಮೆ ಗೌರಿ ಹಬ್ಬಕ್ಕೆ ಒಂದು ಚಿಕ್ಕ ಕಿರೀಟ ಮಾಡಿದ್ದಕ್ಕೆ ಅತ್ತೆ "ವೇಷ ಕಟ್ಟೋ ಸಾಮಾನು ದೇವರ ಮೇಲೆ ಇಡಬೇಡ" ಅಂದರಂತೆ. ಅಲ್ಲಿಗೆ ನಿಂತಿತು. ಮುಂದೆ ಹೊಲಿಗೆ ಕಲಿತರು. ಹೊಲಿಗೆಗೆ ಯಾರೂ ಬೇಡ ಅನ್ನಲಿಲ್ಲ. ಅದು ಮರ್ಯಾದೆಯ ಕೆಲಸ ಅಲ್ವಾ.

ಅತ್ತೆ ಹೋದ ಮೇಲೆ ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ಧೈರ್ಯ ಮಾಡಿ ಅಮ್ಮನವರಿಗೆ ಕಿರೀಟ ಮಾಡಿದರು. ಮಗ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಎಲ್ಲಿ ಸಿಗುತ್ತೆ ಅಂತ ಸುಮಾರು ಜನ ಕೇಳಿದರು. ಅಷ್ಟಕ್ಕೇ ಮಗ ದೊಡ್ಡ ಲೆಕ್ಕ ಹಾಕಿದ. ಬಿ.ಎಚ್. ರಸ್ತೆ ಕಡೆ ಬಾಡಿಗೆ ಅಂಗಡಿ, 5 ಲಕ್ಷ ಸಾಲ, ಒಂದು ಬ್ರ್ಯಾಂಡ್ ಹೆಸರು, ಲೋಗೋ. ಯಜಮಾನರು ಹೇಳಿದ್ದು ಒಂದೇ ಮಾತು: "ನೀನೂ ನಿಮ್ಮಪ್ಪನ ದಾರೀನೇ ಹಿಡೀತೀಯ." ಅವತ್ತಿಂದ ನಿದ್ದೆ ಹೋಯಿತು, ರಾತ್ರಿ ಅಡುಗೆಮನೆ ಶುರುವಾಯಿತು.

ಎರಡನೇ ಭೇಟಿಗೆ ಒಂದು ಕಿರೀಟ ತಂದರು. ಬಟ್ಟೆ ಚೀಲದಿಂದ ತೆಗೆದು ನನ್ನ ಟೇಬಲ್ ಮೇಲಿಟ್ಟರು. ಒಂದು ಗೇಣು ಎತ್ತರ, ಮೇಲೆ ನವಿಲು, ಕೆಳಗೆ ಮುತ್ತಿನ ಸಾಲು. ನಾನು "ಎಷ್ಟು ಚೆನ್ನಾಗಿದೆ!" ಅಂದುಬಿಟ್ಟೆ. ಅದು ನನ್ನ ತಪ್ಪು. ನಾನು ಹಾಗೆ ಅಂದ ತಕ್ಷಣ ಅವರು ಅದನ್ನು ನನ್ನ ಕಡೆಗೆ ತಳ್ಳಿದರು. "ನಿಮಗೇ ಇಟ್ಕೊಳ್ಳಿ ಮೇಡಂ." ನಮ್ಮ ಕೆಲಸದಲ್ಲಿ ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ, ಕೊಂಡುಕೊಳ್ಳುವ ಹಾಗೂ ಇಲ್ಲ. ಅದನ್ನು ಹೇಳಿದೆ. ಹೇಳುತ್ತಾ ಇನ್ನೊಂದು ಕೇಳಬೇಕು ಅನ್ನಿಸಿತು.

"ಲೈನಿಂಗ್ ಬ್ಲೌಸಿಗೆ ಎಷ್ಟು ತಗೋತೀರಿ?"

"350. ಲೈನಿಂಗ್ ಬಟ್ಟೆ ಅವರದೇ." ಕಣ್ಣು ಮಿಟುಕಿಸಲಿಲ್ಲ.

"ಈ ಕಿರೀಟಕ್ಕೆ?"

ಸುಮ್ಮನಾದರು. ಸೆರಗು ಸರಿ ಮಾಡಿಕೊಂಡರು. "ಅದಕ್ಕೇನಿದೆ ಮೇಡಂ, ಕೇಳಿದೋರಿಗೆ ಮಾಡಿಕೊಟ್ಟೆ. ಒಬ್ಬರು ಇನ್ನೂರು ಕೊಟ್ರು. ಕೇಳೋಕೆ ಬಾಯಿ ಬರಲ್ಲ."

ಅಲ್ಲಿಂದ ಮುಂದೆ ನನಗೆ ದಾರಿ ಕಾಣಿಸಿತು. ಬ್ಲೌಸಿಗೆ ಬೆಲೆ ಹೇಳುವ ಅದೇ ಹೆಂಗಸಿಗೆ ಕಿರೀಟಕ್ಕೆ ಬೆಲೆ ಹೇಳಲು ಆಗುವುದಿಲ್ಲ. ಅವರಿಗೆ ವ್ಯವಹಾರ ಬರದೆ ಅಲ್ಲ. ವರ್ಷಗಟ್ಟಲೆ 'ಇದು ಬೇಡದ ಕೆಲಸ' ಅಂತ ಕೇಳಿಸಿಕೊಂಡ ಕೆಲಸಕ್ಕೆ ದುಡ್ಡು ಕೇಳುವುದು ಅಂದರೆ ಅದು ಬೇಕಾದ ಕೆಲಸ ಅಂತ ತಾನೇ ಒಪ್ಪಿಕೊಂಡ ಹಾಗೆ. ಆ ಒಪ್ಪಿಗೆ ಇನ್ನೂ ಆಗಿರಲಿಲ್ಲ. ಮಗ ಅಂಗಡಿ ಹಾಕಿಕೊಟ್ಟಿದ್ದರೆ ಅವರು ಗಲ್ಲಾ ಪೆಟ್ಟಿಗೆ ಮುಂದೆ ಕೂತು ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದರೇನೋ. ಹೀಗೆ ಬಾಯಿ ಕಟ್ಟಿಕೊಂಡ ಇನ್ನೂ ಕೆಲವರನ್ನು ನಾನು ನೋಡಿದ್ದೇನೆ, ಹೆಂಗಸರೇ ಜಾಸ್ತಿ.

ನಾನು ಮೊದಲು ಹೇಳಿದ್ದು ದುಡ್ಡಿನ ಮಾತಲ್ಲ. ಕಿರೀಟವನ್ನು ಹಗಲಲ್ಲಿ ಮಾಡಿ, ಹಾಲ್‌ನಲ್ಲಿ ಮಾಡಿ, ಹೊಲಿಗೆ ಮೆಷಿನ್ ಪಕ್ಕದಲ್ಲೇ ಮಾಡಿ ಅಂದೆ. ರಾತ್ರಿ ಎಚ್ಚರ ಆದರೆ ಎದ್ದು ನೀರು ಕುಡಿಯಿರಿ, ಹೊರಗೆ ಕೂತುಕೊಳ್ಳಿ, ಕತ್ತರಿ ಮಾತ್ರ ಮುಟ್ಟಬೇಡಿ. ಕಣ್ಣಿಗೂ ಒಳ್ಳೆಯದು, ಅವರು ಚಾಳೀಸು ಕನ್ನಡಕ ಹಾಕಿಕೊಂಡು ಸೂಜಿಮೊನೆಯಷ್ಟು ಮಣಿ ಅಂಟಿಸುತ್ತಿದ್ದರು. ಒಂದು ವಾರ ಅವರಿಂದ ಆಗಲಿಲ್ಲ. ಗಿರಾಕಿ ಬಂದರೆ ರಟ್ಟಿನ ಮೇಲೆ ಬ್ಲೌಸ್ ಪೀಸ್ ಎಳೆದು ಮುಚ್ಚುತ್ತಿದ್ದರಂತೆ. ಎರಡನೇ ವಾರ ಮುಚ್ಚಲಿಲ್ಲ.

ಆಮೇಲೆ ಲೆಕ್ಕ. ಇದನ್ನು ಅವರ ಕೈಯಲ್ಲೇ ಬರೆಸಿದೆ. ಬ್ಲೌಸಿಗೆ 3 ಗಂಟೆ, ನೂಲು, ಹುಕ್ಕು ಕಳೆದರೆ 300 ಉಳಿಯುತ್ತದೆ. ಅಂದರೆ ಗಂಟೆಗೆ 100. ಕಿರೀಟಕ್ಕೆ ಸಾಮಾನು 180, ಕೆಲಸ 6 ಗಂಟೆ. ಇನ್ನೂರಕ್ಕೆ ಕೊಟ್ಟರೆ 6 ಗಂಟೆಗೆ 20 ರೂಪಾಯಿ. ಆ 20ನ್ನು ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಕೂಲಿ ಹೆಂಗಸಿಗೆ ಹಿಂಗೆ ಕೊಟ್ರೆ ಬೈತಾರೆ" ಅಂದರು ಕೊನೆಗೆ. ಬ್ಲೌಸಿನ ಲೆಕ್ಕದಲ್ಲೇ 6 ಗಂಟೆಗೆ 600, ಸಾಮಾನು 180, ಒಟ್ಟು 780. ಅದಕ್ಕೆ ಹಾಳಾಗುವುದು, ಓಡಾಟ ಸೇರಿಸಿ 850 ಅಂತ ಇಟ್ಟರು. ಅದನ್ನು ನನ್ನ ಕೋಣೆಯಲ್ಲಿ ಗಟ್ಟಿಯಾಗಿ ಹೇಳಿಸಿದೆ. ನಾನು ನಾದಿನಿ ಆದೆ, ಪಕ್ಕದ ಮನೆಯವಳಾದೆ, ಚೌಕಾಸಿ ಮಾಡಿದೆ, "ನಮ್ಮೋರಿಗೂ ದುಡ್ಡಾ?" ಅಂದೆ. ನಿಯಮ ಒಂದೇ: ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಆಮೇಲೆ 'ಆದ್ರೂ ನೀವು ಎಷ್ಟು ಕೊಡ್ತೀರೋ' ಅನ್ನಬಾರದು. ನಾಲ್ಕು ಸಲ ಸೋತರು. ಐದನೇ ಸಲ ತುಟಿ ಬಿಗಿ ಹಿಡಿದು ಕೂತರು, ಆಮೇಲೆ ಇಬ್ಬರೂ ನಕ್ಕೆವು.

ಯಜಮಾನರನ್ನು ಒಂದು ಸಲ ಕರೆಸಿದೆ. ಅವರ ಮೇಲೆ ನನಗೆ ಒಳಗೊಳಗೇ ಸ್ವಲ್ಪ ಕೋಪ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಮನುಷ್ಯ ಬಂದು ಕೂತು ಮೆಲ್ಲಗೆ ಹೇಳಿದರು. ಮಾವ ತೀರಿಕೊಂಡಾಗ ಡ್ರೆಸ್ ಬಾಡಿಗೆ ವ್ಯವಹಾರದ ಕೈಸಾಲ 38 ಸಾವಿರ ಇತ್ತಂತೆ. ನಾಟಕದ ಕಂಟ್ರಾಕ್ಟರುಗಳು ದುಡ್ಡು ಕೊಡದೆ ಓಡಾಡಿಸಿದ್ದರು. ಗಂಡುಮಕ್ಕಳಿರಲಿಲ್ಲ. ಆ ಸಾಲ ತೀರಿಸಿದ್ದು ಈ ಅಳಿಯ, ಮೂರು ವರ್ಷ ಓವರ್‌ಟೈಮ್ ಮಾಡಿ. ಹೆಂಡತಿಗೆ ಪೂರ್ತಿ ಮೊತ್ತ ಇವತ್ತಿಗೂ ಗೊತ್ತಿರಲಿಲ್ಲ. ಜಯಮ್ಮ ಪಕ್ಕದಲ್ಲೇ ಇದ್ದರು. ಆ ಭೇಟಿಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ.

ಹಾಗಾಗಿ ಕೊಟ್ಟ ಸಲಹೆ ಹೀಗಿತ್ತು. ಒಂದು ವರ್ಷ ಸಾಲ ಬೇಡ, ಅಂಗಡಿ ಬೇಡ. ನಿವೃತ್ತಿ ದುಡ್ಡಿಗೆ ಕೈ ಹಾಕುವುದಿಲ್ಲ. ಜಯಮ್ಮನವರ ಸ್ವಂತ ಚೀಟಿ ದುಡ್ಡಲ್ಲಿ 30 ಸಾವಿರ ಪಕ್ಕಕ್ಕೆ, ಅದು ಪೂರ್ತಿ ಹೋದರೂ ಮನೆ ನಡೆಯಬೇಕು. ಹೊಲಿಗೆ ನಿಲ್ಲಿಸುವ ಹಾಗಿಲ್ಲ. ಕಿರೀಟದ ಲೆಕ್ಕ ಬೇರೆ ಪುಸ್ತಕದಲ್ಲಿ. ಪುಸ್ತಕ ಬರೆಯುವ ಕೆಲಸವನ್ನು ಯಜಮಾನರು ತಾವೇ ಕೇಳಿ ತೆಗೆದುಕೊಂಡರು.

ಮಗನಿಗೆ ಫೋನಲ್ಲಿ ಬೇಜಾರಾಯಿತು. 'ಸ್ಕೇಲ್ ಆಗಲ್ಲ' ಅಂದ. ಆಗದಿದ್ದರೂ ಪರವಾಗಿಲ್ಲ ಅಂದೆ. ಅವನ ಉತ್ಸಾಹ ಸುಳ್ಳಲ್ಲ, ಅಮ್ಮನಿಗೆ ಸಿಗದ್ದನ್ನು ಒಂದೇ ಏಟಿಗೆ ಕೊಡಿಸಬೇಕು ಅಂತ ಅವನ ಆಸೆ. ಅವನಿಗೆ ಕೆಲಸ ಕೊಟ್ಟೆವು: ಫೋಟೋ ತೆಗೆಯುವುದು, ಆರ್ಡರ್ ಬರೆದಿಡುವುದು, ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸುವುದು. ಈ ನೋಂದಣಿ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ಜಿಎಸ್‌ಟಿ ಭಯವೂ ಅವನಿಗಿತ್ತು. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಆ ನೋಂದಣಿ ಬೇಕಾಗುವುದಿಲ್ಲ, ಬಾಡಿಗೆಗೆ ಕೊಡುವುದು ಸೇವೆ ಆದ್ದರಿಂದ ಅಂಥದ್ದು ಸೇರಿದರೆ 20 ಲಕ್ಷ. ಜಯಮ್ಮ ಕೇಳಿ "40 ಲಕ್ಷವಾ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು. ಮುಂದೆ ನಿಜವಾಗಿ ಸಾಲ ಬೇಕಾದರೆ ಕೈಸಾಲ ಬೇಡ, 50 ಸಾವಿರದವರೆಗಿನ ಮುದ್ರಾ ಶಿಶು ಸಾಲ ಇದೆ, ಕುಶಲಕರ್ಮಿಗಳಿಗೆ ಅಂತ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಅಲ್ಲಿ ಮೊದಲ ಕಂತು 1 ಲಕ್ಷದವರೆಗೆ 5% ಬಡ್ಡಿಗೆ ಸಿಗುತ್ತದೆ ಅಂತ ಹೇಳಿಟ್ಟೆ. ಹೇಳಿಟ್ಟೆ ಅಷ್ಟೆ.

ಕ್ಯಾಲೆಂಡರ್ ಹರಡಿಕೊಂಡು ಕೂತದ್ದು ನನಗೆ ಬಹಳ ಇಷ್ಟವಾದ ಭೇಟಿ. ವರಮಹಾಲಕ್ಷ್ಮಿ ಬರುವುದು ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ, ಹಾಗಾಗಿ ಆಷಾಢದಲ್ಲೇ ಮಾಲು ರೆಡಿ ಇರಬೇಕು. ಆಷಾಢದಲ್ಲಿ ಮದುವೆ ಇಲ್ಲ, ಬ್ಲೌಸ್ ಕೆಲಸವೂ ಕಮ್ಮಿ. ಇದು ಅವರೇ ಕಂಡುಹಿಡಿದದ್ದು, ನನಗೆ ಹೊಳೆದಿರಲಿಲ್ಲ. ಕೃಷ್ಣಾಷ್ಟಮಿಗೆ ಮಕ್ಕಳ ಕೃಷ್ಣ ವೇಷ, ಆಮೇಲೆ ಗೌರಿ, ದಸರಾ, ನವೆಂಬರ್ 1ರ ಶಾಲೆ ಕಾರ್ಯಕ್ರಮ, ಡಿಸೆಂಬರ್ ಹೊತ್ತಿಗೆ ಸ್ಕೂಲ್ ಡೇ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಅದರ ಹಿಂದೆಮುಂದೆ ಹಳ್ಳಿ ನಾಟಕಗಳು. "ನಾಟಕದೋರು ಬೇಡ" ಅಂದರು ಆಗ. ಬಲವಂತ ಮಾಡಲಿಲ್ಲ.

ಮೊದಲ ಶ್ರಾವಣದಲ್ಲಿ 34 ಮಾಡಿದರು. ಮನೆಯಿಂದ ಮತ್ತು ವಾಟ್ಸಾಪ್‌ನಿಂದ 24 ಹೋದವು, ಎಲ್ಲ 850ಕ್ಕೆ. ಉಳಿದ 10ನ್ನು ಒಂದು ಫ್ಯಾನ್ಸಿ ಅಂಗಡಿಗೆ, ತಲಾ 600ರಂತೆ, 'ಮಾರಿದ ಮೇಲೆ ದುಡ್ಡು' ಅನ್ನುವ ಮಾತಿನ ಮೇಲೆ ಇಟ್ಟು ಬಂದರು. ಹಬ್ಬ ಮುಗಿದ ಮೇಲೆ 6 ವಾಪಸ್ ಬಂದವು, ಮೇಲೆ ಏನೋ ಹೇರಿಟ್ಟು ಅಪ್ಪಚ್ಚಿಯಾಗಿದ್ದವು. 4ರ ದುಡ್ಡು ದೀಪಾವಳಿಗೆ ಬಂತು. ನಾನು ಈ ಅಂಗಡಿ ಒಪ್ಪಂದದ ಬಗ್ಗೆ ಮೊದಲೇ ಎಚ್ಚರಿಸಬೇಕಿತ್ತು. ಒಟ್ಟು ಬಂದದ್ದು 22,800, ಸಾಮಾನಿಗೆ ಹೋದದ್ದು 6 ಸಾವಿರಕ್ಕೆ ಸ್ವಲ್ಪ ಜಾಸ್ತಿ. ಯಜಮಾನರ ಪುಸ್ತಕದಲ್ಲಿ ಅಪ್ಪಚ್ಚಿಯಾದ 6ಕ್ಕೆ ಕೆಂಪು ಗೆರೆ ಇದೆ.

ನಾದಿನಿ ನಿಜವಾಗಿಯೂ ಬಂದಿದ್ದರಂತೆ. "ನಮ್ಮೋರಿಗೂ ದುಡ್ಡಾ?" ಅಂತ ಅದೇ ಮಾತು ಅಂದರಂತೆ. ಜಯಮ್ಮ ಬೆಲೆ ಹೇಳಿ ಸುಮ್ಮನಿದ್ದರು. ನಾದಿನಿ ಕೊಳ್ಳಲಿಲ್ಲ, ಕಾಫಿ ಕುಡಿದು ಎದ್ದು ಹೋದರು. "ಅವತ್ತು ಹೊಟ್ಟೆಯೊಳಗೆ ಏನೋ ಆಯ್ತು ಮೇಡಂ, ಆದ್ರೆ ನಿದ್ದೆ ಬಂತು."

ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಬಂದಾಗ, ಸೀನರಿಯವರೊಬ್ಬರು ಹಳೇ ಕಿರೀಟ 14 ರಿಪೇರಿಗೆ ತಂದಿದ್ದಾರೆ ಅಂದರು. ಅದರಲ್ಲಿ ಒಂದು ಅಪ್ಪನ ಕಾಲದ್ದಿರಬಹುದು ಅಂತ ಅವರಿಗೆ ಅನುಮಾನ, ಒಳಗಿನ ಪೇಪರ್ ಬಿಚ್ಚಿ ನೋಡಬೇಕಂತೆ. ನಾನು ಆ ಕಡೆ ಹೋಗಲಿಲ್ಲ. ಅಡ್ವಾನ್ಸ್ ಕೇಳಿದಿರಾ ಅಂದೆ.

"ಅರ್ಧ ಈಸ್ಕೊಂಡೇ ಪೆಟ್ಟಿಗೆ ಒಳಗೆ ಇಟ್ಕೊಂಡಿದ್ದು" ಅಂದರು.