ಗೋಣಿಚೀಲದಲ್ಲಿರುವ ಪುಸ್ತಕಗಳು

ಪ್ರಶ್ನೆ: ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರಿ ಐದು ತಿಂಗಳಾಯಿತು. ಸೂರು ಸೋರಿ ನೆನೆದ ಪುಸ್ತಕಗಳನ್ನು ಹಿಂದಿನವರು ಗೋಣಿಚೀಲಗಳಿಗೆ ತುಂಬಿಟ್ಟು ಹೋಗಿದ್ದಾರೆ. ಕಪಾಟು ಕೇಳಿ ಎರಡು ಸಲ ಬರೆದರೂ ಉತ್ತರವಿಲ್ಲ. ನಾನೇ ಕೈ ಹಾಕಲು ಹೋದರೆ ‘ನಿನಗೇಕೆ ಈ ಉಸಾಬರಿ, ಬರುವ ದುಡ್ಡಿಗೆ ಇಷ್ಟು ಸಾಕು’ ಎನ್ನುತ್ತಾರೆ. ಆದೇಶ ಬರುವವರೆಗೆ ಕಾಯಲೇ ಅಮ್ಮಾ?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಕಾಯಬೇಡ ಮಗಳೇ. ಇನ್ನೊಂದು ಮಳೆಗಾಲ ದಾಟಿದರೆ ನೆನೆದ ಹಾಳೆಗಳು ಹಲಗೆಯಂತೆ ಅಂಟಿಕೊಳ್ಳುತ್ತವೆ.

ಮೂವತ್ತೊಂದು ವರ್ಷ ನಾನೂ ಗ್ರಂಥಾಲಯದಲ್ಲಿ ದುಡಿದವಳು. ಸೇರಿದ ಹೊಸದರಲ್ಲಿ, ಬೈಂಡಿಂಗ್‌ಗೆ ಹಣ ಮಂಜೂರಾಗಲಿ ಎಂದು ಹನ್ನೊಂದು ತಿಂಗಳು ಕಾದೆ. ಕಟ್ಟು ಬಿಚ್ಚಿದಾಗ ಮಕ್ಕಳ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಗೆದ್ದಲಿನ ಪಾಲಾಗಿದ್ದವು. ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆಮೇಲೆ ಊರಿನ ಬೈಂಡಿಂಗ್ ಕೆಲಸಗಾರರೊಬ್ಬರ ಬಳಿ ಭಾನುವಾರಗಳಲ್ಲಿ ಕೂತು ಹೊಲಿಗೆ ಕಲಿತೆ.

ದಿನಕ್ಕೆ ಒಂದೇ ಚೀಲ ಬಿಚ್ಚು. ಉರಿಬಿಸಿಲಿಗೆ ಹಾಕಬೇಡ, ಹಾಳೆ ಸೆಟೆದುಕೊಳ್ಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸು. ಬೂಷ್ಟು ಹಿಡಿದವನ್ನು ಬೇರೆ ಇಡು. ಮೂಗಿಗೆ ಬಟ್ಟೆ ಕಟ್ಟಿಕೋ. ಅಂಟಿಗೆ ಮೈದಾ ಸಾಕು. ಹುಳು ಬಾರದಿರಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಖಂಡಿತ ಬೇಡ. ಒಣಗಿದ್ದನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡಿ ಗುರುತು ಹಾಕು. ಎಷ್ಟೇ ಹಾಳಾಗಿದ್ದರೂ ಒಂದನ್ನೂ ನೀನಾಗಿ ಎಸೆಯಬೇಡ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು.

ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅಲ್ಲಿನ ಒಂಟಿತನ ತಡೆಯಲಾರದೆ ಪಾಠ ಹೇಳುವ ಕೆಲಸಕ್ಕೇ ಮರಳುತ್ತೇನೆ ಎಂದಿದ್ದರು. ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಅದೇ ಜಾಗಕ್ಕೆ ತಮ್ಮ ಇಪ್ಪತ್ತು ವರ್ಷ ಕೊಟ್ಟರು. 1931ರಲ್ಲಿ ಪ್ರಕಟಿಸಿದ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗೆ’. ನಿನ್ನ ಪತ್ರದಲ್ಲಿ ಗೋಣಿಚೀಲ ಎಂಬ ಮಾತು ಓದಿದಾಗ ನನಗೆ ನೆನಪಾದದ್ದು ಆ ಸೂತ್ರ.

ಗೊಣಗದೆ ದುಡಿಯುವುದೆಂದರೆ ಬಾಯಿ ಮುಚ್ಚಿಕೊಂಡು ದುಡಿಯುವುದಲ್ಲ. ಬಾಕಿ ಸಂಬಳವಿದ್ದರೆ ಕೇಳು, ಸೂರಿನ ರಿಪೇರಿ ಕೇಳು. ತಾರೀಖು ಹಾಕಿ ಬರೆ, ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೋ. ನನ್ನ ಮೊದಲ ಮೂರು ಪತ್ರಗಳಿಗೆ ಕಪಾಟು ಬರಲಿಲ್ಲ. ಸರಿಪಡಿಸಿದ ಪುಸ್ತಕಗಳ ಪಟ್ಟಿಯನ್ನು ನಾಲ್ಕನೆಯ ಪತ್ರಕ್ಕೆ ಲಗತ್ತಿಸಿದೆ, ಎರಡು ಕಪಾಟು ಬಂದವು.

ಮೊದಲ ಚೀಲದಿಂದ ಹತ್ತು ಪುಸ್ತಕ ಉಳಿದರೂ ಸಾಕು, ಶಾಲೆ ಬಿಡುವ ಹೊತ್ತಿಗೆ ಬಾಗಿಲ ಬಳಿ ಬೆಂಚಿನ ಮೇಲೆ ಹರಡಿಡು. ಯಾವ ಪುಸ್ತಕ ಮೊದಲು ಹೋಯಿತೆಂದು ನನಗೆ ಬರೆದು ತಿಳಿಸು.